ಇಡೀ ಆಲ್ಬಂ ಕೇಳುವ ಕೂಟ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯ ಬದಿಯಡ್ಕ, ನೀರ್ಚಾಲು, ಪೆರ್ಲ, ಕುಂಬಳೆ ಕಡೆಯ ನಾವು ಕೆಲವರು ತಿಂಗಳಿಗೊಮ್ಮೆ ಸೇರಿ ಒಂದು ಆಲ್ಬಂ ಹಾಕಿ ಕೇಳುತ್ತೇವೆ. ಹೊಸಬರು ಬಂದಾಗ, ಫೋನ್ ಮಾಡಿದಾಗ, ಮದುವೆಮನೆಯಲ್ಲಿ ಸಿಕ್ಕಿದಾಗ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಪ್ರತಿ ಸಲ ಬಾಯಲ್ಲಿ ಹೇಳುವುದಕ್ಕಿಂತ ಒಮ್ಮೆ ಬರೆದಿಡುವುದು ಸುಲಭ.

ಕೂಟದಲ್ಲಿ ಏನು ನಡೆಯುತ್ತದೆ? ಹಾಡಲಿಕ್ಕೆ ಬರಬೇಕಾ?

ಬರಬೇಕೆಂದಿಲ್ಲ. ನಮ್ಮಲ್ಲಿ ಹಾಡುವವರು ಕಡಿಮೆ, ಕೇಳುವವರೇ ಹೆಚ್ಚು. ಭಾನುವಾರ ಊಟ ಮುಗಿಸಿ ಸೇರುವುದು, ಒಂದು ಆಲ್ಬಂ ಮೊದಲಿನಿಂದ ಕೊನೆಯವರೆಗೆ ಕೇಳುವುದು, ಆಮೇಲೆ ಚಹಾ, ಆಮೇಲೆ ಚರ್ಚೆ. ಹಾಡು ನಡೆಯುವಾಗ ಫೋನ್ ಮುಟ್ಟಬಾರದು ಎನ್ನುವುದೊಂದೇ ಕಟ್ಟುಪಾಡು. ನಿದ್ದೆ ಬಂದರೆ ಮಲಗಬಹುದು, ಗೊರಕೆಗೆ ಮಾತ್ರ ಆಕ್ಷೇಪ ಉಂಟು.

ಫೋನಿನಲ್ಲಿ ಬೇಕಾದ ಹಾಡು ಬೇಕಾದಾಗ ಸಿಗುತ್ತದಲ್ಲ, ಇಡೀ ಆಲ್ಬಂ ಯಾಕೆ ಕೇಳಬೇಕು?

ಹಾಡು ಸಿಗುತ್ತದೆ. ಅದರ ಹಿಂದೆ ಮುಂದೆ ಏನಿತ್ತು, ಮದ್ದಳೆ ನುಡಿಸಿದವರು ಯಾರು, ಮೈಕ್ ಇಟ್ಟವರು ಯಾರು ಎನ್ನುವುದು ಸಿಗುವುದಿಲ್ಲ. ನಮ್ಮ ಆಸಕ್ತಿ ಇರುವುದೇ ಅಲ್ಲಿ. ಒಂದು ಆಲ್ಬಮ್ಮಿನಲ್ಲಿ ಯಾವುದು ಮೊದಲು, ಯಾವುದು ಕೊನೆ, ಎಷ್ಟು ಹೊತ್ತು ಎಂದು ಯಾರೋ ಕೂತು ತೀರ್ಮಾನ ಮಾಡಿರುತ್ತಾರೆ. ಅದನ್ನು ಒಡೆದು ತುಂಡು ತುಂಡಾಗಿ ಕೇಳಿದರೆ ಆ ತೀರ್ಮಾನ ಕಾಣುವುದೇ ಇಲ್ಲ.

ಎಷ್ಟು ಹೊತ್ತು ಎನ್ನುವುದು ಸಣ್ಣ ವಿಷಯವಲ್ಲ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪೆನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡು ಧ್ವನಿಮುದ್ರಿಸಿದಾಗ ಒಂದು ಪ್ಲೇಟಿನಲ್ಲಿ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ಬೆಳೆಸುವ ರಾಗವನ್ನು ಅವರು ಆ ಮೂರು ನಿಮಿಷದೊಳಗೆ ತಂದು, ಆಲಾಪ, ಬಂದಿಶ್, ತಾನ ಎಲ್ಲದರ ರುಚಿ ತೋರಿಸಿದರು. ಹಾಡು ಮುಗಿಯುವಾಗ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಕೂಗಿ ಹೇಳುತ್ತಿದ್ದರು. ಅದು ಜಂಬಕ್ಕಲ್ಲ. ಪ್ಲೇಟು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸದವರಿಗೆ ಯಾವ ಹಾಡು ಯಾರದ್ದೆಂದು ತಿಳಿದು ಸರಿಯಾದ ಚೀಟಿ ಅಂಟಿಸಲಿಕ್ಕೆ ಅದು ಬೇಕಿತ್ತು. ಅದೇ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರಿನ ಆಸ್ಥಾನಕ್ಕೆ ಬಂದರು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪೆನಿ ಎಲ್‌ಪಿ, ಅಂದರೆ ಹೆಚ್ಚು ಹೊತ್ತು ಓಡುವ ಪ್ಲೇಟು, ತಂದ ಮೇಲೆ ಒಂದು ಬದಿಗೆ ಇಪ್ಪತ್ತು ನಿಮಿಷ ದಾಟಿತು. 1963ರಲ್ಲಿ ಫಿಲಿಪ್ಸ್ ಕ್ಯಾಸೆಟ್ ತಂದಿತು, ಬದಿಗೆ ಮೂವತ್ತೋ ನಲವತ್ತೈದೋ ನಿಮಿಷ. 1982ರಲ್ಲಿ ಸಿಡಿ, ತಿರುಗಿಸುವ ಕೆಲಸವೇ ಇಲ್ಲದೆ 74 ನಿಮಿಷ. ಇವು ಒಂದೊಂದೂ ಸಂಗೀತವನ್ನು ಬೇರೆ ಬೇರೆ ರೀತಿ ಹಿಗ್ಗಿಸಿದವು, ಕತ್ತರಿಸಿದವು. ಕೆಳಗಿನ ಹಲವು ಉತ್ತರಗಳಲ್ಲಿ ಈ ಮಾತು ಮತ್ತೆ ಬರುತ್ತದೆ.

ಶಾಸ್ತ್ರೀಯ ಸಂಗೀತ ನನಗೆ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

'ಕಾಲ್ ಆಫ್ ದ ವ್ಯಾಲಿ', 1967. ಸಂತೂರಿನಲ್ಲಿ ಶಿವಕುಮಾರ್ ಶರ್ಮಾ, ಕೊಳಲಿನಲ್ಲಿ ಹರಿಪ್ರಸಾದ್ ಚೌರಾಸಿಯಾ, ಗಿಟಾರಿನಲ್ಲಿ ಬ್ರಿಜ್ ಭೂಷಣ್ ಕಾಬ್ರಾ. ಆಗ ಮೊದಲಿಬ್ಬರಿಗೆ ಮೂವತ್ತು ತುಂಬಿರಲಿಲ್ಲ. ಕಾಶ್ಮೀರದ ಕುರುಬನೊಬ್ಬನ ಒಂದು ದಿನ ಎನ್ನುವುದು ಕಥೆ. ಬೆಳಗ್ಗಿನ ಅಹಿರ್ ಭೈರವದಿಂದ ಹೊರಟು ಹೊತ್ತಿಗೆ ತಕ್ಕ ರಾಗಗಳಲ್ಲಿ ಸಾಗಿ ಕೊನೆಗೆ ಪಹಾಡಿಗೆ ಬರುತ್ತದೆ. ರಾಗದ ಹೆಸರು ಗೊತ್ತಿಲ್ಲದವರಿಗೂ ಬಿಸಿಲು ಏರಿದ್ದು, ಇಳಿದದ್ದು ತಿಳಿಯುತ್ತದೆ.

ಇದನ್ನು ಮಾಡಿಸಿದವರು ಎಚ್‌ಎಂವಿ ರೆಕಾರ್ಡ್ ಕಂಪೆನಿಯ ಜಿ. ಎನ್. ಜೋಶಿ. ಅವರ ಹೆಸರು ಕೇಳಿದವರು ಕಡಿಮೆ. ಸ್ವತಃ ಮರಾಠಿ ಭಾವಗೀತೆ ಹಾಡಿ ಹೆಸರು ಮಾಡಿದವರು, ಆಮೇಲೆ ಕಂಪೆನಿಯ ಕೆಲಸಕ್ಕೆ ಸೇರಿ ಹಿಂದೂಸ್ತಾನಿಯ ಘಟಾನುಘಟಿಗಳನ್ನು ಸ್ಟುಡಿಯೋಕ್ಕೆ ಕರೆತಂದು ಕೂರಿಸಿದರು. ಕಲಾವಿದರು ನುಡಿಸಿದರು ಸರಿ, ಆದರೆ ಸಂತೂರು, ಕೊಳಲು, ಜಾರುಪಟ್ಟಿಯ ಗಿಟಾರು, ಈ ಮೂರೂ ಸೇರಿದರೆ ಒಂದು ಆಲ್ಬಂ ಆದೀತು ಎಂದು ನಂಬಿ ದುಡ್ಡು ಹಾಕಲಿಕ್ಕೂ ಒಬ್ಬ ಬೇಕಲ್ಲ.

ಮೀರಜ್, ಸಾಂಗ್ಲಿ, ಜತ್ತ ಕಡೆಯ ಕನ್ನಡಿಗರು ನಾವು. ನಮ್ಮ ಊರಿನದ್ದು ಏನಾದರೂ ಹಾಕುತ್ತೀರಾ?

ನಿಮ್ಮ ಊರಿನದ್ದು ಹಾಕದೆ ಹಿಂದೂಸ್ತಾನಿ ಕೇಳಲಿಕ್ಕೆ ಆಗುವುದಾದರೂ ಹೇಗೆ? ಉಸ್ತಾದ್ ಅಬ್ದುಲ್ ಕರೀಂ ಖಾನ್ ಮೀರಜಿನಲ್ಲಿ ನೆಲೆಸಿದವರು. 1937ರಲ್ಲಿ ಪಾಂಡಿಚೇರಿಗೆ ಹೋಗುವ ದಾರಿಯಲ್ಲಿ ಸಿಂಗಪೆರುಮಾಳ್ ಕೋಯಿಲ್ ರೈಲು ನಿಲ್ದಾಣದಲ್ಲಿ ತೀರಿಕೊಂಡರು. ಅವರ ಸಮಾಧಿ ಮೀರಜಿನ ಖ್ವಾಜಾ ಮೀರಾಸಾಹೇಬರ ದರ್ಗಾದಲ್ಲಿದೆ. ಅಲ್ಲಿ ವರ್ಷವರ್ಷ ಸಂಗೀತೋತ್ಸವ ನಡೆಯುತ್ತದೆ. ಅವರ 78ರ (ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ) ಪ್ಲೇಟುಗಳಲ್ಲಿ ಝಿಂಝೋಟಿ ರಾಗದ 'ಪಿಯಾ ಬಿನ್' ಮತ್ತು ಭೈರವಿಯ 'ಜಮುನಾ ಕೆ ತೀರ್' ಇವೆರಡನ್ನು ನಾವು ಒಂದರ ಹಿಂದೊಂದು ಹಾಕುತ್ತೇವೆ. ದಕ್ಷಿಣದ ಸಂಗೀತದ ಮೇಲೆ ಅವರಿಗೆ ಎಷ್ಟು ಪ್ರೀತಿ ಎಂದರೆ ಖರಹರಪ್ರಿಯ ರಾಗದ ತ್ಯಾಗರಾಜ ಕೃತಿಯೊಂದನ್ನೂ ಪ್ಲೇಟಿಗೆ ಹಾಡಿಟ್ಟಿದ್ದಾರೆ.

ಗದಗಿನ ಹುಡುಗ ಭೀಮಸೇನ ಜೋಶಿ ಅಂಗಡಿಯೊಂದರಲ್ಲಿ ಹಾಕಿದ್ದ ಅಬ್ದುಲ್ ಕರೀಂ ಖಾನರ ಪ್ಲೇಟು ಕೇಳಿಯೇ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟದ್ದು, 1933ರಲ್ಲಿ, ಹನ್ನೊಂದರ ಪ್ರಾಯದಲ್ಲಿ. ಕೊನೆಗೆ ಸಿಕ್ಕಿದ ಗುರು ಕುಂದಗೋಳದ ಸವಾಯಿ ಗಂಧರ್ವರು, ಅದೇ ಖಾನ್ ಸಾಹೇಬರ ಶಿಷ್ಯರು. ಮೂರು ನಿಮಿಷದ ಪ್ಲೇಟು ಮಾಡಿದ ಕೆಲಸ ಇದು. ಭೀಮಸೇನರ ಮೊದಲ ಧ್ವನಿಮುದ್ರಿಕೆ ಎಚ್‌ಎಂವಿಯಿಂದ 1942ರಲ್ಲಿ ಬಂತು, ಅದರಲ್ಲಿ ಕನ್ನಡದ ಭಕ್ತಿಗೀತೆಗಳೂ ಇದ್ದವು. ಆಮೇಲಿನ ದಾಸವಾಣಿ ಯಾರಿಗೆ ಗೊತ್ತಿಲ್ಲ!

ತಂಬೂರಿಯ ಬಗ್ಗೆಯೂ ಒಂದು ಮಾತು. ನಾವು ಕೇಳುವ ಎಷ್ಟೋ ಹಿಂದೂಸ್ತಾನಿ ರೆಕಾರ್ಡುಗಳಲ್ಲಿ ಹಿಂದೆ ಮೊರೆಯುವ ತಂಬೂರಿ ಮೀರಜಿನ ಕುಶಲಕರ್ಮಿಗಳದ್ದು. ಅಲ್ಲಿಯ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಿಯೂ ಸಿಕ್ಕಿತು. ಆದರೆ ಯಾವ ಆಲ್ಬಂ ಹೊದಿಕೆಯ ಮೇಲೂ ತಂಬೂರಿ ಮಾಡಿದವರ ಹೆಸರು ಇರುವುದು ನಾನಂತೂ ನೋಡಿಲ್ಲ.

ತಾಳಮದ್ದಳೆ ಕ್ಯಾಸೆಟ್ ಆಲ್ಬಂ ಹೇಗಾಗುತ್ತದೆ? ಅದು ಮಾತಲ್ಲವಾ?

ಈ ಪ್ರಶ್ನೆ ಬರುವುದು ಯಾವಾಗಲೂ ಬೆಂಗಳೂರಿನಿಂದ ಬಂದ ನೆಂಟರಿಂದ. ಊರಿನವರು ಕೇಳುವುದಿಲ್ಲ.

ಯಕ್ಷಗಾನದ ಕವಿ ಪಾರ್ತಿಸುಬ್ಬನ ಕುಂಬಳೆಯ ಪಕ್ಕ ಕೂತು ಯಕ್ಷಗಾನ ಬಿಟ್ಟು ಸಂಗೀತದ ಮಾತಾಡಲಿಕ್ಕೆ ಆಗುವುದಿಲ್ಲ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಇರುವುದು ಕಿವಿಗೆ ಬೇಕಾದದ್ದು ಮಾತ್ರ: ಹಾಡುವ ಭಾಗವತರ ಪದ, ಚೆಂಡೆ ಮದ್ದಳೆ, ಪಾತ್ರವಾಗಿ ಮಾತಾಡುವ ಅರ್ಥಧಾರಿಗಳ ಮಾತು. ಕ್ಯಾಸೆಟ್ಟಿಗೆಂದೇ ಹುಟ್ಟಿದ ಕಲೆಯೇನೋ ಎಂದು ಅನಿಸುವಷ್ಟು ಅದು ಅದಕ್ಕೆ ಹೊಂದಿಕೊಂಡಿತು. ಎಂಬತ್ತು ತೊಂಬತ್ತರ ದಶಕಗಳಲ್ಲಿ ಕಾಸರಗೋಡು, ಪುತ್ತೂರು, ಸುಳ್ಯ ಕಡೆ ಟೇಪ್‌ರೆಕಾರ್ಡರ್ ಇದ್ದ ಮನೆಯಲ್ಲಿ ತಾಳಮದ್ದಳೆಯ ಒಂದು ಸೆಟ್ ಇಲ್ಲದಿದ್ದರೆ ಆಶ್ಚರ್ಯ. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಅದೇ ಜೊತೆ.

ಈಗ ಸಮಯದ ವಿಷಯಕ್ಕೆ ಬರೋಣ. ರಾತ್ರಿ ಶುರುವಾದ ತಾಳಮದ್ದಳೆ ಕೂಟ ಬೆಳಗಿನವರೆಗೆ ನಡೆಯುವುದು ರೂಢಿ. ಕ್ಯಾಸೆಟ್ಟಿನಲ್ಲಿ ಸಿಗುವುದು ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ. ಸೆಟ್ ಮಾಡಿದರೆ ಎರಡೋ ಮೂರೋ ಕ್ಯಾಸೆಟ್. ಹಾಗಾಗಿ ಪ್ರಸಂಗದಲ್ಲಿ ಯಾವ ಪದ ಇಟ್ಟುಕೊಳ್ಳುವುದು, ಯಾವುದು ಬಿಡುವುದು, ಪೀಠಿಕೆ ಎಷ್ಟು ಹೊತ್ತು, ಸಂವಾದ ಎಲ್ಲಿ ನಿಲ್ಲಿಸುವುದು ಎಂದು ಮೊದಲೇ ಹೇಳಿಕೊಂಡು ಕೂರಬೇಕಾಯಿತು. ಎದುರಿನವರ ಒಂದು ಮಾತಿಗೆ ಅರ್ಧ ಗಂಟೆ ಉತ್ತರ ಕಟ್ಟುವ ಅರ್ಥಧಾರಿಗೆ ಇದು ಸುಲಭದ ಕೆಲಸವಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನೋ ರಾವಣನನ್ನೋ ಕೂಟದಲ್ಲಿ ಕೇಳಿದವರು ಕ್ಯಾಸೆಟ್ಟಿನಲ್ಲಿ ಮತ್ತೆ ಕೇಳಿದರೆ ವ್ಯತ್ಯಾಸ ಗೊತ್ತಾಗುತ್ತದೆ: ತರ್ಕ ಅದೇ, ಆದರೆ ಸುತ್ತು ಕಡಿಮೆ, ಏಟು ನೇರ. ಕುಂಬ್ಳೆ ಸುಂದರ ರಾಯರ ಪ್ರಾಸದ ಮಾತಂತೂ ಸಮಯ ಕಡಿಮೆಯಾದಷ್ಟೂ ಚುರುಕು. ಕ್ಯಾಸೆಟ್ಟು ಕಲೆಯನ್ನು ಹಾಳು ಮಾಡಿತು ಎನ್ನುವ ಹಿರಿಯರಿದ್ದಾರೆ. ಕೂಟದ ನಿಧಾನ ಅದರಲ್ಲಿ ಇಲ್ಲ ಎನ್ನುವುದು ನಿಜ. ಆದರೂ ಶೇಣಿಯವರು 2006ರಲ್ಲಿ, ಸುಂದರ ರಾಯರು 2022ರಲ್ಲಿ ತೀರಿಕೊಂಡ ಮೇಲೆ ಈಗಿನ ಹುಡುಗರಿಗೆ ಅವರು ಸಿಗುವುದು ಅಲ್ಲೇ.

ನನ್ನೆದುರು ಈಗ ಒಂದು ಹಳೆಯ ಕ್ಯಾಸೆಟ್ಟಿನ ಕಾಗದ ಉಂಟು. ಮೇಲೆ ಪ್ರಸಂಗದ ಹೆಸರು ದಪ್ಪ ಕೆಂಪಕ್ಷರದಲ್ಲಿ. ಕೆಳಗೆ ಅಂಚೆಚೀಟಿಯಷ್ಟು ಸಣ್ಣ ಚಿತ್ರಗಳಲ್ಲಿ ಅರ್ಥಧಾರಿಗಳು, ಎಲ್ಲರೂ ಶಾಲು ಹೊದ್ದವರು. ಬೆನ್ನಿಗೆ ಬಾಲ್‌ಪೆನ್ನಿನಲ್ಲಿ ಯಾರೋ ಬರೆದದ್ದು: 'ಬಿ ಸೈಡ್ ಕೊನೆ ಪದ ಕಟ್.' ಟೇಪು ಮುಗಿದದ್ದು ಭಾಗವತರಿಗೆ ಗೊತ್ತಾಗಬೇಡವೇ! ಮದ್ದಳೆಯವರ ಹೆಸರು ಒಳಮೈಯಲ್ಲಿ ಸಣ್ಣಕ್ಷರದಲ್ಲಿ ಉಂಟು, ಧ್ವನಿಮುದ್ರಣ ಮಾಡಿದವರದ್ದು ಇಲ್ಲವೇ ಇಲ್ಲ. ಅಂತರ್ಜಾಲದಲ್ಲಿ ಇದೇ ಕ್ಯಾಸೆಟ್ ಸಿಗುತ್ತದೆ, ಪ್ರಸಂಗದ ಹೆಸರು ಮತ್ತು ಒಬ್ಬ ಅರ್ಥಧಾರಿಯ ಹೆಸರಿನೊಂದಿಗೆ. ಉಳಿದವರು ಮಾಯ. ಅದಕ್ಕೇ ಕ್ಯಾಸೆಟ್ಟಿನಷ್ಟೇ ಜೋಪಾನವಾಗಿ ಕಾಗದವನ್ನೂ ಇಡಿ ಎಂದು ನಾವು ಬೊಬ್ಬೆ ಹಾಕುವುದು.

ಭಾಗವತಿಕೆಯನ್ನು ಮಾತ್ರ ಕೇಳಬೇಕೆಂದರೆ?

ಯಕ್ಷಗಾನದ ತೆಂಕುತಿಟ್ಟಿನ, ಅಂದರೆ ದಕ್ಷಿಣದ ಶೈಲಿಯ, ಹಳೆಯ ಕ್ರಮಕ್ಕೆ ಬಲಿಪ ನಾರಾಯಣ ಭಾಗವತರು. ನಮ್ಮದೇ ಜಿಲ್ಲೆಯ ಪಡ್ರೆಯಲ್ಲಿ ಹುಟ್ಟಿದವರು, ಕಟೀಲು ಮೇಳದಲ್ಲಿ ದಶಕಗಳ ಕಾಲ ಹಾಡಿದವರು, 2023ರಲ್ಲಿ ತೀರಿಕೊಂಡರು. ಹಿಂದೂಸ್ತಾನಿ ರಾಗಗಳ ಸೊಗಸು ಬೇಕಾದರೆ ದಾಮೋದರ ಮಂಡೆಚ್ಚರು. ಬಡಗಿನಲ್ಲಿ, ಅಂದರೆ ಉತ್ತರದ ಶೈಲಿಯಲ್ಲಿ, ಕಾಳಿಂಗ ನಾವಡರು. 1990ರಲ್ಲಿ ಅಪಘಾತದಲ್ಲಿ ಹೋದಾಗ ಅವರಿಗೆ ಮೂವತ್ತು ದಾಟಿ ಸ್ವಲ್ಪವೇ ಆಗಿತ್ತು. ಬಲಿಪರನ್ನೂ ನಾವಡರನ್ನೂ ಒಂದೇ ದಿನ ಹಾಕಬೇಡಿ. ಹಾಕಿದರೆ ಆ ದಿನ ಚಹಾ ತಣ್ಣಗಾಗುತ್ತದೆ, ಜಗಳ ಬಿಸಿಯಾಗುತ್ತದೆ.

ಕನ್ನಡ ಭಾವಗೀತೆಯಲ್ಲಿ ಯಾವುದು ಮೊದಲು?

ಕ್ಯಾಸೆಟ್ ಎಂದರೆ 'ನಿತ್ಯೋತ್ಸವ', 1978. ಕವಿತೆ ಕೆ. ಎಸ್. ನಿಸಾರ್ ಅಹಮದ್ ಅವರದ್ದು, ಸಂಗೀತ ಮೈಸೂರು ಅನಂತಸ್ವಾಮಿಯವರದ್ದು. ಸಿನಿಮಾದ ಹಂಗಿಲ್ಲದೆ ಕನ್ನಡ ಕವಿತೆ ಮನೆಮನೆಗೆ ಹೋಗಬಹುದೆಂದು ತೋರಿಸಿದ್ದು ಅದು. ಅದಕ್ಕೂ ಮೊದಲು ಆರೂರಿನ ಪಿ. ಕಾಳಿಂಗರಾಯರು ವೇದಿಕೆಯಲ್ಲಿ, ಪ್ಲೇಟಿನಲ್ಲಿ ದಾರಿ ಹಾಕಿಟ್ಟಿದ್ದರು. ಆಮೇಲೆ ಸಿ. ಅಶ್ವತ್ಥ್ ಬಂದು ಶಿಶುನಾಳ ಶರೀಫರ ಪದಗಳನ್ನು ಊರೂರಿಗೆ ಮುಟ್ಟಿಸಿದರು. ಶಿವಮೊಗ್ಗ ಸುಬ್ಬಣ್ಣನವರ ಗಂಟಲೂ ಅದರಲ್ಲಿ ಸೇರಿತ್ತು.

ಅನಂತಸ್ವಾಮಿಯವರ ಮಟ್ಟುಗಳಲ್ಲಿ ಪದ ಮುಂದೆ, ರಾಗ ಹಿಂದೆ. ಅಶ್ವತ್ಥರಲ್ಲಿ ಕೆಲವೊಮ್ಮೆ ಗಾಯಕ ಕವಿಯನ್ನೇ ದಾಟಿ ಹೋಗುತ್ತಾನೆ. ನನಗೆ ಮೊದಲನೆಯದ್ದೇ ಇಷ್ಟ. ನಮ್ಮ ಕೂಟದಲ್ಲಿ ನನ್ನ ಪಕ್ಷಕ್ಕೆ ಬಹುಮತ ಇಲ್ಲ. ಶರೀಫರನ್ನು ಗಿಟಾರು ಡ್ರಮ್ಮಿನೊಂದಿಗೆ ಕೇಳಬೇಕಾದ ಹುಡುಗರಿಗೆ ರಘು ದೀಕ್ಷಿತ್ ಅವರ 2008ರ ಆಲ್ಬಂ ಉಂಟು.

ಗಡಿನಾಡಿನ ಓದುಗರಿಗೆ ಒಂದು ಹಾಡು ಏನು ಮಾಡಬಲ್ಲದೆಂದು ಬೇರೆ ಹೇಳಬೇಕಾಗಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ನಂತರ ಶಾಲೆ, ಕಚೇರಿ, ಬಸ್ಸಿನ ಬೋರ್ಡು ಎಲ್ಲದರಲ್ಲೂ ಕನ್ನಡಕ್ಕಾಗಿ ಕೇಳಿಕೊಳ್ಳಬೇಕಾದ ಊರಿನಲ್ಲಿ ಕ್ಯಾಸೆಟ್ಟಿನ ಕನ್ನಡಕ್ಕೆ ಯಾರ ಅನುಮತಿಯೂ ಬೇಕಿರಲಿಲ್ಲ.

ಸಿನಿಮಾ ಹಾಡು ಹಾಕುವುದಿಲ್ಲವಾ?

ಹಾಕುತ್ತೇವೆ, ಅಪರೂಪಕ್ಕೆ. ಹಂಸಲೇಖರ 'ಪ್ರೇಮಲೋಕ' (1987) ಒಮ್ಮೆ ಹಾಕಿದೆವು, ಇಡೀ ಕ್ಯಾಸೆಟ್ ಒಂದು ಕಥೆಯ ಹಾಗೆ ಸಾಗುತ್ತದೆ, ಅದಕ್ಕೆ. ಉಳಿದ ಸಿನಿಮಾ ಹಾಡಿಗೆ ನಿಮ್ಮ ಮನೆಯ ಟಿವಿ ಸಾಕು.

ತಾಳವಾಡಿ, ಹೊಸೂರು ಕಡೆಯಿಂದ ಕೇಳುತ್ತಿದ್ದೇವೆ. ತಮಿಳಿನದ್ದು?

ತಾಳವಾಡಿಯ ಗಾಜನೂರಿನವರು ಕೇಳಿದರೆ ರಾಜ್‌ಕುಮಾರರ ಹಾಡುಗಳನ್ನೇ ಹಾಕಬೇಕಾದೀತು! 'ಜೀವನ ಚೈತ್ರ'ದ ಹಾಡಿಗೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ಗೊತ್ತಿರುವುದೇ.

ತಮಿಳಿನಿಂದ ನಮ್ಮ ಆಯ್ಕೆ ಇಳಯರಾಜಾ ಅವರ 'ಹೌ ಟು ನೇಮ್ ಇಟ್', 1986. ಸಿನಿಮಾ ಅಲ್ಲ, ಮಾತಿಲ್ಲ. ತ್ಯಾಗರಾಜರಿಗೂ ಜರ್ಮನಿಯ ಸಂಗೀತ ರಚನಕಾರ ಬಾಖ್‌ಗೂ ಅರ್ಪಿಸಿದ ಆಲ್ಬಂ. ವಿ. ಎಸ್. ನರಸಿಂಹನ್ ಅವರ ಪಿಟೀಲು ಕರ್ನಾಟಕ ಸಂಗೀತದ ಗಮಕದಲ್ಲಿ ನಡೆಯುತ್ತಿದ್ದರೆ ಸುತ್ತ ಪಾಶ್ಚಾತ್ಯ ವಾದ್ಯಗಳು ಬಾಖ್‌ನ ರೀತಿಯಲ್ಲಿ ಒಂದರ ಬೆನ್ನಿಗೆ ಇನ್ನೊಂದು ಹೊರಡುತ್ತವೆ. ಇಳಯರಾಜಾ ಸ್ವತಂತ್ರರಾಗುವ ಮೊದಲು ನಮ್ಮ ಸಂಗೀತ ನಿರ್ದೇಶಕ ಜಿ. ಕೆ. ವೆಂಕಟೇಶರ ಸಹಾಯಕರಾಗಿ ಎಷ್ಟೋ ಕನ್ನಡ ಸಿನಿಮಾಗಳಿಗೆ ದುಡಿದವರು ಎನ್ನುವುದನ್ನು ಹೊಸೂರಿನವರು ಅಲ್ಲಿಯ ಗೆಳೆಯರಿಗೆ ಧಾರಾಳವಾಗಿ ಹೇಳಬಹುದು. 1988ರಲ್ಲಿ ಅವರು ಚೌರಾಸಿಯಾ ಅವರ ಕೊಳಲಿಟ್ಟುಕೊಂಡು 'ನಥಿಂಗ್ ಬಟ್ ವಿಂಡ್' ಮಾಡಿದರು. 'ಕಾಲ್ ಆಫ್ ದ ವ್ಯಾಲಿ'ಯ ನಂತರ ಅದನ್ನು ಕೇಳಿದರೆ ಒಂದೇ ಕೊಳಲು ಇಪ್ಪತ್ತು ವರ್ಷಗಳಲ್ಲಿ ಎಷ್ಟು ನೀರು ಕುಡಿದಿದೆ ಎಂದು ತಿಳಿಯುತ್ತದೆ.

ಕದ್ರಿ ಗೋಪಾಲನಾಥರ ಯಾವ ಆಲ್ಬಂ?

ಕಚೇರಿಯ ರೆಕಾರ್ಡುಗಳು ಬೇಕಾದಷ್ಟಿವೆ. ನಾವು ಹೊಸಬರಿಗೆ ಹಾಕುವುದು 'ಕಿನ್ಸ್‌ಮೆನ್', 2008. ಬಂಟ್ವಾಳದ ಸಜಿಪಮೂಡದಲ್ಲಿ ನಾಗಸ್ವರದವರ ಮನೆಯಲ್ಲಿ ಹುಟ್ಟಿದ ಹುಡುಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ನೋಡಿ ಅದರ ಹಿಂದೆ ಬಿದ್ದದ್ದು, ಗಮಕ ಬರುವ ಹಾಗೆ ವಾದ್ಯವನ್ನೇ ತಿದ್ದಿಸಿಕೊಂಡದ್ದು, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರೊಮ್ಸ್ ಸಂಗೀತೋತ್ಸವದಲ್ಲಿ ನುಡಿಸಿದ್ದು ನಮ್ಮ ಕಡೆ ಎಲ್ಲರಿಗೂ ಬಾಯಿಪಾಠ. ಅತ್ತ ಅಮೆರಿಕದಲ್ಲಿ ಜಾಝ್ ಸ್ಯಾಕ್ಸೊಫೋನ್ ಕಲಿಯುತ್ತಿದ್ದ ರುದ್ರೇಶ್ ಮಹಾಂತಪ್ಪನಿಗೆ ಅಣ್ಣ ತಮಾಷೆಗೆಂದು ಕದ್ರಿಯವರ ಒಂದು ಆಲ್ಬಂ ತಂದುಕೊಟ್ಟನಂತೆ. ತಮಾಷೆ ಹೋಗಿ ಗುರುಭಕ್ತಿ ಬಂತು. ಕೊನೆಗೆ ಇಬ್ಬರೂ ಸೇರಿ ಮಾಡಿದ್ದು 'ಕಿನ್ಸ್‌ಮೆನ್'. ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರ್ ಶ್ರೀಜಿಯವರ ಮೃದಂಗ, ಪಕ್ಕದಲ್ಲಿ ಗಿಟಾರು, ಡ್ರಮ್. ಎರಡು ಸ್ಯಾಕ್ಸೊಫೋನುಗಳಲ್ಲಿ ಯಾವುದು ಕದ್ರಿಯವರದ್ದೆಂದು ನಮ್ಮ ಕಡೆಯವರಿಗೆ ಮೊದಲ ಜಾರಿನಲ್ಲೇ ಗೊತ್ತಾಗುತ್ತದೆ.

ಮಲಯಾಳದ ಆಲ್ಬಂ ಹಾಕಿದರೆ ಕನ್ನಡಾಭಿಮಾನಕ್ಕೆ ಕುಂದಲ್ಲವೇ?

ಇಲ್ಲ. ನಮ್ಮ ಹೋರಾಟ ಸರಕಾರದ ಆದೇಶಗಳೊಂದಿಗೆ, ಹಾಡಿನೊಂದಿಗೆ ಅಲ್ಲ. ಯೇಸುದಾಸರು 1980ರಲ್ಲಿ ತಿರುವನಂತಪುರದಲ್ಲಿ ತರಂಗಿಣಿ ಸ್ಟುಡಿಯೋ ಶುರು ಮಾಡಿದ ಮೇಲೆ ಓಣಂ ಹಾಡು, ಅಯ್ಯಪ್ಪನ ಹಾಡುಗಳ ಕ್ಯಾಸೆಟ್ ಗಡಿಯ ಈಚೆಗೂ ಆಚೆಗೂ ಒಂದೇ ಸಮನೆ ಓಡಿದವು. ಮಲಬಾರಿನ ಮುಸ್ಲಿಮರ ಹಾಡಾದ ಮಾಪಿಳ್ಳೆ ಪಾಟಿನ ಎರಂಞೋಳಿ ಮೂಸ, ಪೀರ್ ಮುಹಮ್ಮದ್ ಇವರ ಕ್ಯಾಸೆಟ್ ಹಿಡಿದುಕೊಂಡು ಬರುವ ಗೆಳೆಯರು ನಮ್ಮಲ್ಲಿದ್ದಾರೆ, ಅರ್ಥ ಬಿಡಿಸಿ ಹೇಳುವವರೂ ಅವರೇ. ಹುಡುಗರ ಒತ್ತಾಯಕ್ಕೆ 'ಅವಿಯಲ್' ತಂಡದ 2008ರ ಆಲ್ಬಂ ಹಾಕಿದೆವು: ಮಲಯಾಳದಲ್ಲೇ ಹಾಡಿದ ರಾಕ್, ಇಂಗ್ಲಿಷಿನ ಗಿಳಿಪಾಠ ಇಲ್ಲ. ತುಳುವಿನಲ್ಲಿ ಇಂಥದ್ದೊಂದು ಗಟ್ಟಿಯಾಗಿ ಯಾವಾಗ ಬರುತ್ತದೋ ನೋಡಬೇಕು.

ಜಾಝ್, ರಾಕ್ ನಮಗೆ ಹತ್ತುತ್ತದಾ?

ಯಕ್ಷಗಾನ ಹತ್ತಿದವರಿಗೆ ಜಾಝ್ ಹತ್ತದಿರಲು ಕಾರಣವಿಲ್ಲ. ಎರಡರಲ್ಲೂ ಚೌಕಟ್ಟು ಮೊದಲೇ ಗೊತ್ತು, ಒಳಗಿನ ಮಾತು ಆ ಕ್ಷಣದ್ದು. ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ' 1959ರಲ್ಲಿ ನ್ಯೂಯಾರ್ಕಿನಲ್ಲಿ ಎರಡು ದಿನಗಳಲ್ಲಿ ಮುದ್ರಣವಾದದ್ದು, ಮಾರ್ಚ್ 2 ಮತ್ತು ಏಪ್ರಿಲ್ 22. ಹೆಚ್ಚಿನ ತಾಲೀಮಿಲ್ಲ. ಡೇವಿಸ್ ಕೈಯಲ್ಲಿದ್ದದ್ದು ಸ್ವರಶ್ರೇಣಿಗಳ ಸಣ್ಣ ಟಿಪ್ಪಣಿ, ಸುತ್ತ ಕೂತವರು ಜಾನ್ ಕೋಲ್ಟ್ರೇನ್, ಕ್ಯಾನನ್‌ಬಾಲ್ ಆ್ಯಡರ್ಲಿ, ಬಿಲ್ ಇವಾನ್ಸ್‌ರಂಥವರು. ಮೊದಲ ದಿನ ಬಳಸಿದ ಟೇಪ್ ಯಂತ್ರ ತುಸು ನಿಧಾನವಾಗಿ ಓಡಿತ್ತು. ಹಾಗಾಗಿ ಆ ದಿನದ ಮೂರು ರಚನೆಗಳು ಪ್ಲೇಟಿನಲ್ಲಿ ನಿಜವಾದ ಶ್ರುತಿಗಿಂತ ಸ್ವಲ್ಪ ಮೇಲೆ ಕೇಳಿಸಿದವು. 1992ರ ಮರುಮುದ್ರಣದಲ್ಲಿ ಅದನ್ನು ಸರಿಮಾಡಿದರು. ಮೂವತ್ತಕ್ಕೂ ಹೆಚ್ಚು ವರ್ಷ ಲೋಕದ ಜಾಝ್ ಕಲಿಯುವವರೆಲ್ಲ ಪ್ಲೇಟಿನ ಜೊತೆ ನುಡಿಸಲು ವಾದ್ಯವನ್ನೇ ಹಿಗ್ಗಿಸಿ ಕುಗ್ಗಿಸಿ ಒದ್ದಾಡಿರಬೇಕು. ಈ ವಿಷಯ ನೆನಪಿಟ್ಟುಕೊಳ್ಳಿ, ಕ್ಯಾಸೆಟ್ ಪ್ರಶ್ನೆಯಲ್ಲಿ ಬೇಕಾಗುತ್ತದೆ.

ರಾಕ್‌ನಲ್ಲಿ ಪಿಂಕ್ ಫ್ಲಾಯ್ಡ್ ತಂಡದ 'ದ ಡಾರ್ಕ್ ಸೈಡ್ ಆಫ್ ದ ಮೂನ್', 1973. ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋದಲ್ಲಿ ಆಲನ್ ಪಾರ್ಸನ್ಸ್ ಧ್ವನಿಮುದ್ರಣ. ಅದರಲ್ಲಿ ಮಾತಿಲ್ಲದೆ ಬರೀ ಸ್ವರದಲ್ಲಿ ಕೂಗಿ ಹಾಡುವ ಹೆಣ್ಣುಮಗಳು ಕ್ಲೇರ್ ಟೋರಿ. ಆ ದಿನದ ಕೂಲಿ 30 ಪೌಂಡು. ಕೇಳಿದವರಿಗೆಲ್ಲ ಮೈನವಿರೇಳಿಸಿದ ಆ ಹಾಡಿನ ರಚನಕಾರರ ಪಟ್ಟಿಯಲ್ಲಿ ಅವರ ಹೆಸರು ಸೇರಬೇಕಾದರೆ 2004ರಲ್ಲಿ ಕೋರ್ಟಿಗೆ ಹೋಗಬೇಕಾಯಿತು. ಮರುವರ್ಷ ರಾಜಿಯಾಗಿ ಹೆಸರು ಬಂತು. ಮದ್ದಳೆಯವರ ಹೆಸರು ಬಿಟ್ಟುಹೋಗುವುದು ನಮ್ಮ ಊರಿನ ರೋಗ ಮಾತ್ರ ಅಲ್ಲ ಎಂದಾಯಿತು.

ಭಕ್ತಿಗೀತೆ?

ಎಂ. ಎಸ್. ಸುಬ್ಬುಲಕ್ಷ್ಮಿಯವರ ವೆಂಕಟೇಶ ಸುಪ್ರಭಾತ, 1963ರ ಎಚ್‌ಎಂವಿ ಎಲ್‌ಪಿ. ದೇವಸ್ಥಾನದ ಕಹಳೆ ಸ್ಪೀಕರಿನಲ್ಲಿ ಅರ್ಧ ನಿದ್ದೆಯಲ್ಲಿ ಕೇಳಿದ್ದನ್ನೇ ಒಮ್ಮೆ ಕೋಣೆಯಲ್ಲಿ ಕೂತು ಕೇಳಿ. ಒಂದು ಅಕ್ಷರವೂ ಜಾರದ ಉಚ್ಚಾರಣೆ ಆಗ ತಿಳಿಯುತ್ತದೆ. ಮಂತ್ರಾಲಯ, ಆದೋನಿ ಕಡೆಯವರು ದಾಸರ ಪದಕ್ಕೆ ವಿದ್ಯಾಭೂಷಣರನ್ನು ಸೂಚಿಸುತ್ತಾರೆ. ನಮ್ಮ ಆಕ್ಷೇಪವಿಲ್ಲ.

ಅಟ್ಟದಲ್ಲಿದ್ದ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದಿದೆ. ಎಸೆಯಬೇಕಾ?

ಎಸೆಯಬೇಡಿ, ಆದರೆ ಹಾಗೇ ಟೇಪ್‌ರೆಕಾರ್ಡರಿಗೆ ಹಾಕಲೂ ಬೇಡಿ. ಹಾಕಿದರೆ ಬೂಷ್ಟು ಟೇಪನ್ನು ಓದುವ ಹೆಡ್ಡಿಗೆ, ರಬ್ಬರ್ ರೋಲರಿಗೆ ಹತ್ತಿ ಅಲ್ಲಿಂದ ಒಳ್ಳೆಯ ಕ್ಯಾಸೆಟ್ಟುಗಳಿಗೂ ದಾಟುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ನಮ್ಮದು, ಬೂಷ್ಟು ಬಾರದಿದ್ದರೇ ವಿಶೇಷ.

ಬಿಸಿಲಿರುವ ದಿನ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಮನೆಯ ಹೊರಗೆ ಕೂತು ಕೆಲಸ ಶುರು ಮಾಡಿ. ಕ್ಯಾಸೆಟ್ಟಿನ ಕಿಟಕಿಯಿಂದ ನೋಡಿದಾಗ ಸುರುಳಿಯ ಮೇಲೆ ಬಿಳಿ ಪುಡಿ ಕಂಡರೆ ಅದೇ ಬೂಷ್ಟು. ಸ್ಕ್ರೂ ಇರುವ ಕ್ಯಾಸೆಟ್ ಆದರೆ ಬಿಚ್ಚಿ, ಸುರುಳಿಯ ಅಂಚನ್ನು ಒಣ ಮೆತ್ತನೆ ಬ್ರಶ್ಶಿನಿಂದ ಒರೆಸಿ, ಸುರುಳಿಗಳನ್ನು ಇನ್ನೊಂದು ಕ್ಯಾಸೆಟ್ಟಿನ ಚೊಕ್ಕ ಖಾಲಿ ಡಬ್ಬಿಗೆ ವರ್ಗಾಯಿಸಿ. ಅಂಟಿಸಿದ ಕ್ಯಾಸೆಟ್ ಆದರೆ ಅಭ್ಯಾಸ ಇದ್ದವರ ಕೈಗೆ ಕೊಡಿ. ಟೇಪಿನ ಹಿಂದಿರುವ ಸ್ಪಂಜಿನ ತುಂಡು ಉದುರಿಹೋಗಿದ್ದರೆ ಶಬ್ದ ಮಂಕಾಗಿ ಬರುತ್ತದೆ, ಟೇಪು ಹಾಳಾಯಿತೆಂದು ಎಷ್ಟೋ ಜನ ಬಿಸಾಡುವುದು ಇದೇ ಕಾರಣಕ್ಕೆ. ಡಬ್ಬಿ ಬದಲಿಸಿದರೆ ಮುಗಿಯಿತು. ಐಸೊಪ್ರೊಪೈಲ್ ಆಲ್ಕೊಹಾಲ್ ಹೆಡ್ಡು ಒರೆಸಲಿಕ್ಕೆ, ಟೇಪು ತೊಳೆಯಲಿಕ್ಕಲ್ಲ.

ಇಡುವಾಗ ಗೋಡೆಗೆ ತಾಗಿಸಿದ ಕಪಾಟಿನಲ್ಲಿ ಇಡಬೇಡಿ. ಮುಚ್ಚಳ ಗಟ್ಟಿಯಿರುವ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಕ್ಯಾಸೆಟ್ಟು ನೆಟ್ಟಗೆ ನಿಲ್ಲಿಸಿ, ಮಳೆಗಾಲ ಮುಗಿದ ಮೇಲೆ ಒಮ್ಮೆ ಹಿಂದೆ ಮುಂದೆ ಸುತ್ತಿಸಿ.

ಕಂಪ್ಯೂಟರಿಗೆ ಹಾಕಿಕೊಳ್ಳುವುದು ಹೇಗೆ?

ಸ್ಪೀಕರಿನ ಮುಂದೆ ಮೊಬೈಲ್ ಹಿಡಿದು ರೆಕಾರ್ಡ್ ಮಾಡುವುದು ಬೇಡವೇ ಬೇಡ. ಟೇಪ್‌ರೆಕಾರ್ಡರಿನ ಲೈನ್ ಔಟ್‌ನಿಂದ ಒಂದು ಯುಎಸ್‌ಬಿ ಸೌಂಡ್ ಕಾರ್ಡಿಗೆ ವಯರು, ಕಂಪ್ಯೂಟರಿನಲ್ಲಿ ಪುಕ್ಕಟೆ ಸಿಗುವ ಆಡಾಸಿಟಿ ಎಂಬ ತಂತ್ರಾಂಶ. 24 ಬಿಟ್, 48 ಕಿಲೊಹರ್ಟ್ಸ್, ವೇವ್ ಫೈಲು. ಗಂಟೆಗೆ ಸುಮಾರು 1 ಜಿಬಿ ಆಗುತ್ತದೆ. ಮೂಲವಾಗಿ ಅದನ್ನೇ ಇಟ್ಟುಕೊಳ್ಳಿ, ವಾಟ್ಸ್‌ಆ್ಯಪಿಗೆ ಬೇಕಾದರೆ ಎಂಪಿ3 ಬೇರೆ ಮಾಡಿ.

ಶುರು ಮಾಡುವ ಮೊದಲು ಎರಡು ವಿಷಯ ನೋಡಿ. ಒಂದು, ಹೆಡ್ಡಿನ ಓರೆ. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕಾಲುಸುತ್ತು ಆಚೀಚೆ ತಿರುಗಿಸುತ್ತ ಹೋದರೆ ತಾಳದ ಕಿಣಿಕಿಣಿ ಒಂದು ಜಾಗದಲ್ಲಿ ತಟ್ಟನೆ ಹೊಳಪಾಗಿ ಕೇಳಿಸುತ್ತದೆ, ಅಲ್ಲಿ ನಿಲ್ಲಿಸಿ. ಎರಡು, ವೇಗ. ಹಳೆಯ ಬೆಲ್ಟಿನ ಯಂತ್ರಗಳು ಮೈಲ್ಸ್ ಡೇವಿಸರ ಟೇಪಿನಂತೆಯೇ ಶ್ರುತಿ ತಪ್ಪಿಸುತ್ತವೆ. ಹಾರ್ಮೋನಿಯಂ ಪಕ್ಕದಲ್ಲಿಟ್ಟುಕೊಂಡು ಭಾಗವತರ ಶ್ರುತಿ ಹಿಡಿಯಿರಿ. ಅದು ಹಾರ್ಮೋನಿಯಮ್ಮಿನ ಎರಡು ಮನೆಗಳ (ಕೀಗಳ) ನಡುವೆ ಎಲ್ಲೋ ಬಿದ್ದರೆ ಭಾಗವತರನ್ನು ಅನುಮಾನಿಸುವ ಮೊದಲು ಮೋಟರನ್ನು ಅನುಮಾನಿಸಿ.

ಫೈಲಿನ ಹೆಸರಿನಲ್ಲಿ ಪ್ರಸಂಗ, ಬದಿ, ಭಾಗವತರು, ಚೆಂಡೆ, ಮದ್ದಳೆ, ಅರ್ಥಧಾರಿಗಳು, ಕ್ಯಾಸೆಟ್ಟಿನ ನಂಬ್ರ ಎಲ್ಲವನ್ನೂ ಬರೆಯಿರಿ. ಹೆಸರು ಉದ್ದವಾಯಿತೆಂದು ಮದ್ದಳೆಯವರನ್ನು ಬಿಡಬೇಡಿ. ಕಾಗದದ ಎರಡೂ ಮೈಯ ಫೋಟೋ ಅದೇ ಫೋಲ್ಡರಿನಲ್ಲಿರಲಿ.

ಹಾಗೆ ಮಾಡಿದ್ದನ್ನು ಯೂಟ್ಯೂಬಿಗೆ ಏರಿಸಬಹುದಾ?

ನಿಮ್ಮ ಕೈಯಲ್ಲಿ ಕ್ಯಾಸೆಟ್ ಇದೆ ಎಂದ ಮಾತ್ರಕ್ಕೆ ಹಕ್ಕು ನಿಮ್ಮದಲ್ಲ. ನಮ್ಮ ದೇಶದ ಕಾನೂನಿನಲ್ಲಿ ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ಮರುವರ್ಷದಿಂದ ಲೆಕ್ಕ ಹಾಕಿ 60 ವರ್ಷ. 1963ರಲ್ಲಿ ಬಂದ ಪ್ಲೇಟಿನ ಅವಧಿ 2023ರ ಕೊನೆಗೆ ಮುಗಿಯಿತು. 1985ರ ತಾಳಮದ್ದಳೆ ಕ್ಯಾಸೆಟ್ಟಿನದ್ದು 2045ರವರೆಗೆ ಇರುತ್ತದೆ. ಸಾಹಿತ್ಯ ಮತ್ತು ರಾಗಸಂಯೋಜನೆಯ ಹಕ್ಕು ಬೇರೆ, ರಚಿಸಿದವರು ತೀರಿಕೊಂಡ ಮರುವರ್ಷದಿಂದ 60 ವರ್ಷ. ನಿಸಾರ್ ಅಹಮದ್ ತೀರಿಕೊಂಡದ್ದು 2020ರಲ್ಲಿ, ಅವರ ಕವಿತೆಗೆ 2080ರ ಕೊನೆಯವರೆಗೆ ರಕ್ಷಣೆ ಉಂಟು. ಪುರಂದರದಾಸರದ್ದೋ ಪಾರ್ತಿಸುಬ್ಬನದ್ದೋ ಪದಕ್ಕೆ ಹಕ್ಕಿನ ತಕರಾರಿಲ್ಲ, ಆದರೆ ಅದನ್ನು ಹಾಡಿದ ಧ್ವನಿಮುದ್ರಿಕೆಗೆ ಇರಬಹುದು. ಕಲಾವಿದರ ಹಕ್ಕು ಎಂಬುದೂ ಪ್ರತ್ಯೇಕವಾಗಿ 50 ವರ್ಷ ನಡೆಯುತ್ತದೆ. ಮನೆಯಲ್ಲಿ ಕೇಳಲು ಪ್ರತಿ ಮಾಡಿಕೊಳ್ಳಿ. ಸಾರ್ವಜನಿಕವಾಗಿ ಏರಿಸುವ ಮೊದಲು ಕ್ಯಾಸೆಟ್ ಕಂಪೆನಿಯನ್ನೂ ಕಲಾವಿದರ ಮನೆಯವರನ್ನೂ ಕೇಳಿ. ಮನೆಯವರನ್ನು ಕೇಳಿದರೆ ಇನ್ನೊಂದು ಲಾಭ, ಬಿಟ್ಟುಹೋದ ಹೆಸರುಗಳು ಅವರಲ್ಲಿ ಸಿಗುತ್ತವೆ.

ಹೊಸದಾಗಿ ಎಲ್‌ಪಿ ಪ್ಲೇಯರ್ ಕೊಳ್ಳಲಾ?

ಆಸೆ ಇದ್ದರೆ ಕೊಳ್ಳಿ. ಸೂಟ್‌ಕೇಸಿನ ಆಕಾರದ ಅಗ್ಗದವು ಬೇಡ, ಅವುಗಳ ಮುಳ್ಳು ಭಾರವಾಗಿ ಒತ್ತಿ ಪ್ಲೇಟು ಸವೆಸುತ್ತದೆ. 78ರ ಪ್ಲೇಟಿಗೆ ಬೇರೆಯೇ ಮುಳ್ಳು ಬೇಕು, ಎಲ್‌ಪಿಯ ಮುಳ್ಳಿನಲ್ಲಿ ಹಾಕಿದರೆ ಎರಡಕ್ಕೂ ಕೇಡು.

ಕೂಟಕ್ಕೆ ಬರುವಾಗ ಏನು ತರಬೇಕು?

ನಿಮ್ಮಲ್ಲಿರುವ ಒಂದು ಆಲ್ಬಂ, ಅದರ ಹೊದಿಕೆ ಅಥವಾ ಕಾಗದದ ಸಮೇತ. ಯಾವ ಭಾಷೆಯಾದರೂ ಆದೀತು. ಯಾಕೆ ತಂದಿರೆಂದು ಎರಡು ಮಾತು ಹೇಳಬೇಕಾಗುತ್ತದೆ, ಭಾಷಣ ಬೇಡ. ಮಳೆಗಾಲದಲ್ಲಿ ಕರೆಂಟು ಹೋಗುವುದು ಇದ್ದದ್ದೇ, ಸೆಲ್ಲಿನಲ್ಲಿ ಓಡುವ ಟೇಪ್‌ರೆಕಾರ್ಡರ್ ಇದ್ದವರು ಅದನ್ನೂ ತನ್ನಿ. ಚಹಾಕ್ಕೆ ಸಕ್ಕರೆ ಬೇಡವಾದವರು ಮೊದಲೇ ಹೇಳಿಬಿಡಿ.